ಮೂರನೇ ವರ್ಷದ ಜಿಂಕೆ: ಸರ್ಕಾರಿ ಕಾಡಲ್ಲಿ ಬಿಲ್ಲು ಹಿಡಿದು ಕೂತ ಅನುಭವ

ಮೊದಲ ವರ್ಷ 19 ಸಲ ಕಾಡಿಗೆ ಹೋದೆ. ಒಂದು ಬಾಣವನ್ನೂ ಬಿಡಲಿಲ್ಲ. ಎರಡನೇ ವರ್ಷ ಒಂದು ಬಿಟ್ಟೆ, ಅದನ್ನು ಬಿಡಬಾರದಿತ್ತು. ಮೂರನೇ ವರ್ಷ ನವೆಂಬರ್ ಮೊದಲ ವಾರ ಒಂದು ಹೆಣ್ಣು ಜಿಂಕೆ ಸಿಕ್ಕಿತು.

ನಾನಿರುವುದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿ. ಕೆಲಸ ಕಂಪ್ಯೂಟರ್ ಮುಂದೆ. ಊರು ಕೊಪ್ಪದ ಹತ್ತಿರ. ನಮ್ಮ ಕಡೆ ಶಿಕಾರಿ ಅಂದರೆ ಈಗ ಹಿರಿಯರ ಬಾಯಲ್ಲಿ ಉಳಿದ ಕಥೆ ಮಾತ್ರ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ. ಅದು ಹಾಗೇ ಇರಲಿ ಅನ್ನುವವನೇ ನಾನು. ಇಲ್ಲಿಯ ಲೆಕ್ಕ ಬೇರೆ. ದಕ್ಷಿಣ ವಿಸ್ಕಾನ್ಸಿನ್‌ನಲ್ಲಿ ತೋಳ ಬಹಳ ಅಪರೂಪ. ಬಿಳಿ ಬಾಲದ ಜಿಂಕೆ ಮಾತ್ರ ಜೋಳದ ಹೊಲ ಮೇಯ್ದು ಕೊಬ್ಬಿ ಓಡಾಡುತ್ತದೆ. ಸಂಜೆ ಕಾರು ಓಡಿಸುವವರಿಗೆಲ್ಲ ಅದರ ಪರಿಚಯ ಚೆನ್ನಾಗಿದೆ.

ನಾನು ಕೂರುವ ಜಾಗ ಲೋವರ್ ವಿಸ್ಕಾನ್ಸಿನ್ ಸ್ಟೇಟ್ ರಿವರ್‌ವೇ. ಪ್ರೇರಿ ಡು ಸಾಕ್‌ನ ಅಣೆಕಟ್ಟಿನಿಂದ ಪಶ್ಚಿಮಕ್ಕೆ ಪ್ರೇರಿ ಡು ಶೀನ್‌ವರೆಗೆ 92 ಮೈಲಿ ನದಿ, ಅದರ ಎರಡೂ ದಂಡೆಯ ಗುಡ್ಡಗಳು. ಅದರಲ್ಲಿ ತುಂಬಾ ಭಾಗ ಸರ್ಕಾರಿ ಜಮೀನು. ಲೈಸೆನ್ಸ್ ಇದ್ದವರು ಯಾರು ಬೇಕಾದರೂ ಹೋಗಬಹುದು. ಬಿಲ್ಲು ಬೇಟೆಗೆ ಈ ಸೀಮೆ ಹಳೆಯದು. 1934ರಲ್ಲಿ ಜಿಂಕೆಗೆ ಪ್ರತ್ಯೇಕ ಬಿಲ್ಲು ಬೇಟೆಯ ಅವಧಿಯನ್ನು ಮೊದಲು ಶುರು ಮಾಡಿದ್ದು ಇದೇ ರಾಜ್ಯ, ಸಾಕ್ ಮತ್ತು ಕೊಲಂಬಿಯಾ ಕೌಂಟಿಗಳಲ್ಲಿ.

ಕಾಗದಪತ್ರದ ಕೆಲಸ ಕಷ್ಟವಿಲ್ಲ. 1973ರ ಜನವರಿ 1ರಿಂದ ಈಚೆಗೆ ಹುಟ್ಟಿದವರು ಬೇಟೆ ಶಿಕ್ಷಣದ ಕೋರ್ಸ್ ಮುಗಿಸಬೇಕು. ನಾನು 38ನೇ ವಯಸ್ಸಿನಲ್ಲಿ 12 ವರ್ಷದ ಹುಡುಗರ ಮಧ್ಯೆ ಕೂತು ಪರೀಕ್ಷೆ ಬರೆದೆ. ಪಕ್ಕದ ಹುಡುಗನಿಗೆ ನನಗಿಂತ ಜಾಸ್ತಿ ಅಂಕ ಬಂತು.

ಮೊದಲ ವರ್ಷ ಮಾಡಿದ್ದೆಲ್ಲ ತಪ್ಪು. ದುಬಾರಿ ಜಾಕೆಟ್ ಕೊಂಡೆ. ವಾಸನೆ ಕೊಲ್ಲುವ ಸೋಪು ಕೊಂಡೆ. ಕಾರು ನಿಲ್ಲಿಸಿದ ಜಾಗದಿಂದ ಹತ್ತು ನಿಮಿಷ ನಡೆದು, ಜಿಂಕೆಯ ಜಾಡು ಕಂಡ ಕಡೆ ಮರ ಹತ್ತಿ ಕೂತೆ. ಹಿಕ್ಕೆ ಇದೆ, ಗೊರಸಿನ ಗುರುತು ಇದೆ, ಇನ್ನೇನು ಬೇಕು ಅಂದುಕೊಂಡೆ. ಆ ಗುರುತೆಲ್ಲ ರಾತ್ರಿಯದು. ಹಗಲಲ್ಲಿ ಅಲ್ಲಿ ಓಡಾಡುವುದು ನನ್ನಂಥ ಬೇಟೆಗಾರರು ಮಾತ್ರ ಅಂತ ಜಿಂಕೆಗಳಿಗೆ ಗೊತ್ತಿತ್ತು. ಒಂದು ಸಂಜೆ ಹಸಿವಾಗಿ ಚಕ್ಕುಲಿ ಕಡಿದೆ. ಕಟುಂ ಅಂದಿತು. ಹಿಂದಿನ ಪೊದೆಯಿಂದ ಯಾರೋ ಜೋರಾಗಿ ಸೀನಿದ ಹಾಗೆ ಸದ್ದು. ತಿರುಗಿ ನೋಡಿದರೆ ಬಿಳಿ ಬಾಲ ಎತ್ತಿ ಓಡುತ್ತಿದ್ದ ಮೂರು ಜಿಂಕೆ. ಅವತ್ತಿಂದ ಕಾಡಿಗೆ ಬಾಳೆಹಣ್ಣು ಮಾತ್ರ.

ಚಕ್ಕುಲಿ ಸುಮ್ನೆ ನೆಪ. ಗಾಳಿ ನನ್ನ ಬೆನ್ನಿಂದ ಅವುಗಳ ಮೂಗಿಗೆ ನೇರ ಹೋಗುತ್ತಿತ್ತು. ಇದನ್ನು ತೋರಿಸಿಕೊಟ್ಟಿದ್ದು ಪಕ್ಕದ ಮನೆಯ ಅಜ್ಜ. ಐವತ್ತು ವರ್ಷದಿಂದ ಬಿಲ್ಲು ಹಿಡಿದವರು. ನಾನು ನನ್ನ ಸೋಪು, ಸ್ಪ್ರೇ ಎಲ್ಲ ತೋರಿಸಿದಾಗ ನಕ್ಕು, ಜೇಬಿನಿಂದ ಒಂದು ಒಣ ಕಾಯಿ ತೆಗೆದು ಕೊಟ್ಟರು. ಇಲ್ಲಿ ಮಿಲ್ಕ್‌ವೀಡ್ ಅನ್ನುತ್ತಾರೆ. ನಮ್ಮ ಎಕ್ಕದ ಕುಟುಂಬದ ಗಿಡವೇ. ಕಾಯಿ ಒಡೆದರೆ ಅದೇ ರೇಷ್ಮೆ ಎಳೆ. ಮರದ ಮೇಲೆ ಕೂತು ಒಂದು ಎಳೆ ಬಿಡು, ಅದು ಹೋದ ಕಡೆಗೇ ನಿನ್ನ ವಾಸನೆ ಹೋಗುತ್ತದೆ ಅಂದರು. ಚಿಕ್ಕವನಿದ್ದಾಗ ಎಕ್ಕದ ಹತ್ತಿ ಊದುತ್ತಾ ಓಡಿದ್ದು ನೆನಪಾಯಿತು.

ಆಮೇಲೆ ಒಂದಿಡೀ ಬೇಸಿಗೆ ಆ ಗುಡ್ಡಗಳಲ್ಲಿ ಎಳೆ ಬಿಡುತ್ತಾ ಅಲೆದೆ. ಹವಾಮಾನದ ಆ್ಯಪ್ ವಾಯುವ್ಯದ ಗಾಳಿ ಅಂದರೆ ಬಯಲಿಗೆ ಸರಿ. ಗುಡ್ಡದಲ್ಲಿ ಹಾಗಲ್ಲ. ಬೆಳಗಿನ ಜಾವ ತಣ್ಣನೆಯ ಗಾಳಿ ನೀರಿನ ಹಾಗೆ ಇಳಿಜಾರಲ್ಲಿ ಕೆಳಗೆ ಹರಿದು ಹಳ್ಳ ಸೇರುತ್ತದೆ. ಬಿಸಿಲು ಬಿದ್ದ ಮೇಲೆ ಅದೇ ಗಾಳಿ ಗುಡ್ಡ ಹತ್ತುತ್ತದೆ. ಸಂಜೆ ನೆರಳಾದ ಕೂಡಲೇ ಮತ್ತೆ ಕೆಳಗೆ. ಗುಡ್ಡದ ನೆತ್ತಿಯ ಮೇಲೆ ಹಾದುಬರುವ ದೊಡ್ಡ ಗಾಳಿ ಬೇರೆ. ಇವೆರಡೂ ಕೂಡುವ ಜಾಗದಲ್ಲಿ ಎಳೆ ಒಂದು ಸುತ್ತು ತಿರುಗಿ ವಾಪಸ್ ನನ್ನ ಮುಖಕ್ಕೇ ಬಂದಿದ್ದೂ ಉಂಟು.

ಜಿಂಕೆ ಇದನ್ನೇ ನಂಬಿ ಮಲಗುತ್ತದೆ. ಗಾಳಿಗೆ ಮರೆಯಾದ ಬದಿಯಲ್ಲಿ, ಗುಡ್ಡದ ಮೇಲಿನ ಮೂರನೇ ಒಂದು ಭಾಗದಲ್ಲಿ, ಬೆನ್ನು ನೆತ್ತಿಗೆ ಹಾಕಿ. ಹಿಂದಿನಿಂದ ಯಾರು ಬಂದರೂ ಮೂಗಿಗೆ ತಿಳಿಯುತ್ತದೆ. ಕೆಳಗಿನಿಂದ ಬಂದರೆ ಕಣ್ಣಿಗೆ ಕಾಣುತ್ತದೆ, ಬಿಸಿಲೇರಿದ ಮೇಲೆ ಮೂಗಿಗೂ ಸಿಗುತ್ತದೆ. ಎಂಥ ಬುದ್ಧಿ ಅಲ್ವಾ! ನಾನು ಒಂಬತ್ತು ವರ್ಷ ಬಾಡಿಗೆ ಮನೆ ಹುಡುಕಿದಾಗಲೂ ಇಷ್ಟು ಯೋಚಿಸಿರಲಿಲ್ಲ.

ಜಾಗ ಹುಡುಕಿದ್ದು ಹೀಗೆ. ಫೋನಲ್ಲಿ ಆನ್‌ಎಕ್ಸ್ ನಕ್ಷೆ ತೆರೆದರೆ ಸರ್ಕಾರಿ ಜಮೀನು ಎಲ್ಲಿ ಮುಗಿಯುತ್ತದೆ, ಖಾಸಗಿ ಎಲ್ಲಿ ಶುರು ಅಂತ ಗೆರೆ ಕಾಣುತ್ತದೆ. ಈ ಗೆರೆ ಮುಖ್ಯ. ಇಲ್ಲಿ ಬೇಲಿಯೋ ಬೋರ್ಡೋ ಇಲ್ಲದಿದ್ದರೂ ಇನ್ನೊಬ್ಬರ ಜಮೀನಿಗೆ ಕೇಳದೆ ಕಾಲಿಟ್ಟರೆ ಅತಿಕ್ರಮವೇ. ನಾನು ನೋಡಿದ್ದು ಎರಡು ವಿಷಯ: ಎಲ್ಲಿ ಏರು ಕಡಿದಾಗಿದೆ, ಎಲ್ಲಿಗೆ ಕಾಲುದಾರಿ ಇಲ್ಲ. ಹೆಚ್ಚಿನವರು ಬೆಳಗಿನ ಜಾವ ಕತ್ತಲಲ್ಲಿ ಮೈಲಿಗಟ್ಟಲೆ ನಡೆಯುವುದಿಲ್ಲ. ಕಡಿದಾದ ಏರನ್ನಂತೂ ಮುಟ್ಟುವುದೇ ಇಲ್ಲ. ನದಿ ಪಕ್ಕದ ರಸ್ತೆಯಿಂದ ಒಂದು ಒಣ ಹಳ್ಳ ಗುಡ್ಡಕ್ಕೆ ಹೋಗುತ್ತದೆ. ನೆತ್ತಿಯ ಆಚೆ ಖಾಸಗಿ ಜೋಳದ ಹೊಲ. ಈಚೆ ಇಳಿಜಾರಲ್ಲಿ ಬಿಳಿ ಓಕ್ ಮರಗಳು. ರೆಡ್ ಓಕ್ ಕಾಯಿ ಒಗರು, ಇದರದ್ದು ಕಡಿಮೆ. ಜಿಂಕೆ ಮೊದಲು ಇದಕ್ಕೇ ಬರುತ್ತದೆ. ನೆತ್ತಿ ಸ್ವಲ್ಪ ತಗ್ಗಿದ ಒಂದು ಕಡೆ ಜಾಡು ಗುಡ್ಡ ದಾಟುತ್ತದೆ. ಅಲ್ಲಿಂದ 18 ಗಜ ದೂರಕ್ಕೆ ಒಂದು ನೇರ ಮರ. ಮರದ ಹಿಂದೆ ಜಿಂಕೆಯೂ ಇಳಿಯದ ಪ್ರಪಾತ. ನನ್ನ ವಾಸನೆ ಹಾರಿಹೋಗಬೇಕಾದ್ದು ಆ ಪ್ರಪಾತದ ಮೇಲೆ.

ಮರದ ಮೇಲೆ ಕೂರುವುದಕ್ಕೆ ನಮ್ಮಲ್ಲಿ ಮರಸು ಅನ್ನುತ್ತಿದ್ದರು. ಇಲ್ಲಿಯ ಸರ್ಕಾರಿ ಕಾಡಲ್ಲಿ ಅಟ್ಟಣೆ ಕಟ್ಟುವಂತಿಲ್ಲ, ಮರಕ್ಕೆ ಮೊಳೆ, ತಿರುಪು ಹೊಡೆಯುವಂತಿಲ್ಲ. ನನ್ನ ಸೀಮೆಯಲ್ಲಿ ತಂದಿದ್ದನ್ನೆಲ್ಲ ದಿನದ ಕೊನೆಗೆ ಬಿಚ್ಚಿ ಒಯ್ಯಬೇಕು. ಹಾಗಾಗಿ ನಾನು ಸ್ಯಾಡಲ್‌ಗೆ ಬದಲಾಯಿಸಿದೆ. ಸೊಂಟ, ತೊಡೆ ಸುತ್ತುವ ಬಟ್ಟೆಯ ಜೋಲಿ ಅದು. ಮರಕ್ಕೆ ಹಗ್ಗ ಬಿಗಿದು, ಕಾಲು ಮರಕ್ಕೆ ಒತ್ತಿ ಒರಗಿ ಕೂರುವುದು. ಮೊದಲ ಸಲ ಹಾಕಿಕೊಂಡಾಗ ನಮ್ಮ ತೋಟದ ಕೊನೆಗಾರ ನೆನಪಾದ. ತಳೆ ಹಾಕಿ ಹತ್ತಿ, ಮಣೆ ಮೇಲೆ ಕೂತು, ಗೊನೆ ಇಳಿಸುತ್ತಿದ್ದವನು. ಅವನಿಗೆ ಇಷ್ಟೆಲ್ಲ ಹಗ್ಗ ಇರಲಿಲ್ಲ. ನನಗಂತೂ ನೆಲ ಬಿಟ್ಟ ಕ್ಷಣದಿಂದ ನೆಲ ಮುಟ್ಟುವವರೆಗೆ ಹಗ್ಗ ಮೈಗಿರಬೇಕು. ಬೇಟೆಗಾರರು ಕೈಕಾಲು ಮುರಿದುಕೊಳ್ಳುವುದು ಜಾಸ್ತಿ ಮರ ಹತ್ತುವಾಗ, ಇಳಿಯುವಾಗ.

ಈಗ ಎರಡನೇ ವರ್ಷದ ಮಾತು ಹೇಳಲೇಬೇಕು.

ಅಕ್ಟೋಬರ್ ಕೊನೆಯ ಒಂದು ಸಂಜೆ. 31 ಗಜ ದೂರದಲ್ಲಿ ಒಂದು ಗಂಡು ಜಿಂಕೆ ನಿಂತಿತ್ತು. ಮನೆಯ ಹಿಂದೆ ಚೀಲಕ್ಕೆ ಗುರಿ ಹಿಡಿದು ನಾನು 40 ಗಜದಲ್ಲೂ ಹೊಡೆಯುತ್ತಿದ್ದೆ. ಆದರೆ ಚೀಲ ಅಲ್ಲಾಡುವುದಿಲ್ಲ, ಚೀಲಕ್ಕೆ ಕಿವಿ ಇಲ್ಲ. ನನ್ನ ಬಾಣದ ವೇಗ ಸೆಕೆಂಡಿಗೆ ಸುಮಾರು 260 ಅಡಿ. ಸದ್ದಿನ ವೇಗ 1100 ಅಡಿ. ಬಿಲ್ಲಿನ ಟಕ್ ಅನ್ನುವ ಸದ್ದು ಬಾಣಕ್ಕಿಂತ ಬಹಳ ಮೊದಲು ತಲುಪುತ್ತದೆ. ಜಿಂಕೆ ನೆಗೆಯುವ ಮೊದಲು ಕಾಲು ಮಡಚಿ ಮೈ ತಗ್ಗಿಸುತ್ತದೆ. ಈ ಜಿಂಕೆ ತಗ್ಗಿತು, ಜೊತೆಗೆ ಒಂದು ಹೆಜ್ಜೆ ಮುಂದೆಯೂ ಹೋಯಿತು. ಬಾಣ ಹೊಟ್ಟೆಗೆ ಬಿತ್ತು.

ಅದು ಬೆನ್ನು ಗೂನು ಮಾಡಿಕೊಂಡು ನಿಧಾನ ನಡೆದುಹೋಯಿತು. ಬಾಣ ತೆಗೆದು ನೋಡಿದರೆ ಹಸಿರು ಹಸಿರು, ಕೆಟ್ಟ ವಾಸನೆ. ಪುಪ್ಪುಸಕ್ಕೆ ಬಿದ್ದಿದ್ದರೆ ನೊರೆ ನೊರೆಯಾದ ತಿಳಿ ಕೆಂಪು ರಕ್ತ ಇರುತ್ತದೆ, ಅರ್ಧ ಗಂಟೆ ಕಾದು ಹೋಗಬಹುದು. ಕಪ್ಪುಗೆಂಪು ಇದ್ದರೆ ಪಿತ್ತಜನಕಾಂಗ, ಐದಾರು ಗಂಟೆ. ಹೊಟ್ಟೆ ಅಂದರೆ ಹತ್ತು ಹನ್ನೆರಡು ಗಂಟೆ ಮುಟ್ಟಬಾರದು. ಇದೆಲ್ಲ ನನಗೆ ಗೊತ್ತಿತ್ತು. ಆದರೂ 40 ನಿಮಿಷಕ್ಕೆ ಟಾರ್ಚ್ ಹಿಡಿದು ಹೊರಟೆ. ಮಲಗಿದ್ದ ಜಿಂಕೆ ಎದ್ದು ಓಡಿತು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಮರುದಿನ ಹಗ್ಗ ಕಟ್ಟಿದ ನಾಯಿಯೊಂದಿಗೆ ಜಾಡು ಹಿಡಿಯುವವರೊಬ್ಬರು ಬಂದರು. ಇಲ್ಲಿ ಅದಕ್ಕೆ ಅನುಮತಿ ಇದೆ. ಜಾಡು ಗೆರೆ ದಾಟಿ ಖಾಸಗಿ ಜಮೀನಿಗೆ ಹೋಗಿತ್ತು. ಮನೆ ಬಾಗಿಲು ತಟ್ಟಿ ಕೇಳಿದೆ. ಯಜಮಾನರು ಒಪ್ಪಿದರು. ಒಂದು ತೊರೆಯ ಹತ್ತಿರ ನಾಯಿ ನಿಂತಿತು. ಅಲ್ಲಿಗೆ ಮುಗಿಯಿತು. ಎರಡು ದಿನ ಹುಡುಕಿದೆ, ಸಿಗಲಿಲ್ಲ. ಆ ವರ್ಷ ಮತ್ತೆ ಬಿಲ್ಲು ಮುಟ್ಟಲಿಲ್ಲ. ಮನೆಯಲ್ಲಿ ಹೆಂಡತಿ ಏನೂ ಕೇಳಲಿಲ್ಲ, ಅದೇ ಜಾಸ್ತಿ ಕಷ್ಟವಾಯಿತು.

ಮೂರನೇ ವರ್ಷಕ್ಕೆ ಒಂದೇ ಕಟ್ಟುಪಾಡು ಹಾಕಿಕೊಂಡೆ. 22 ಗಜದ ಆಚೆ ಬಿಲ್ಲು ಎಳೆಯುವುದಿಲ್ಲ. ಬಿಲ್ಲಿನ ಎಳೆತದ ತೂಕವನ್ನೂ, ಅಂದರೆ ಹೆದೆ ಎಳೆಯಲು ಬೇಕಾದ ಬಲವನ್ನೂ, 60 ಪೌಂಡಿನಿಂದ 52ಕ್ಕೆ ಇಳಿಸಿದೆ. ಚಳಿಯಲ್ಲಿ ಮೂರು ತಾಸು ಮರಗಟ್ಟಿದ ಮೈಗೆ ಅಷ್ಟೇ ಸಾಧ್ಯ. ಬೇಸಿಗೆಯಲ್ಲಿ ಮನೆಯ ಹಿಂದಿನ ಮರಕ್ಕೆ ಹತ್ತಿ, ಸ್ಯಾಡಲ್‌ನಲ್ಲಿ ಒರಗಿ, ದಪ್ಪ ಜಾಕೆಟ್ ಹಾಕಿಕೊಂಡೇ ಅಭ್ಯಾಸ ಮಾಡಿದೆ. ನೋಡಿದವರು ಹುಚ್ಚು ಅಂದುಕೊಂಡಿರಬೇಕು.

ಗಾಳಿ ವಾಯುವ್ಯದಿಂದ ಬರುವ ದಿನಕ್ಕಾಗಿ ಕಾದೆ. ಅಕ್ಟೋಬರಿನಲ್ಲಿ ಆ ಮರಕ್ಕೆ ಒಂದು ಸಲವೂ ಹೋಗಲಿಲ್ಲ. ತಪ್ಪು ಗಾಳಿಯಲ್ಲಿ ಒಂದು ಸಲ ಕೂತರೆ ಆ ಜಾಗ ಆ ವರ್ಷಕ್ಕೆ ಮುಗಿದ ಹಾಗೆ. ನವೆಂಬರ್ ಮೊದಲ ವಾರ ಚಳಿಗಾಳಿ ಬೀಸಿತು, ಮೈನಸ್ 2 ಡಿಗ್ರಿ. ಒಂದು ದಿನ ರಜೆ ಹಾಕಿದೆ. ಬೆಳಗಿನ ಜಾವ ನಾಲ್ಕೂಕಾಲಿಗೆ ಹಳ್ಳಕ್ಕೆ ಇಳಿದೆ. ತಣ್ಣನೆಯ ಗಾಳಿ ನನ್ನ ವಾಸನೆಯನ್ನು ನದಿಗೆ ಒಯ್ಯುತ್ತಿತ್ತು. ಜಿಂಕೆಗಳು ಮೇಲೆ ಜೋಳದ ಹೊಲದಲ್ಲಿದ್ದವು. ಕಲ್ಲಿನಿಂದ ಕಲ್ಲಿಗೆ, ಎಲೆ ತುಳಿಯದೆ ಹತ್ತಿದೆ.

7:40ಕ್ಕೆ ಎಲೆ ಸದ್ದು. ಈ ಕಾಲಕ್ಕೆ ಗಂಡುಗಳಿಗೆ ಹೆಣ್ಣಿನ ಹುಚ್ಚು ಹಿಡಿದಿರುತ್ತದೆ. ಹಾಗಾಗಿ ದೊಡ್ಡ ಕೊಂಬಿನವನೇ ಬರುತ್ತಾನೆ ಅಂದುಕೊಂಡೆ. ಬಂದಿದ್ದು ಒಂಟಿ ಹೆಣ್ಣು, ಮರಿ ಜೊತೆಯಲ್ಲಿರಲಿಲ್ಲ. ಕೊಂಬು ಗೋಡೆಗೆ, ಮಾಂಸ ಮನೆಗೆ ಅಂತ ಅಜ್ಜ ಹೇಳುತ್ತಿದ್ದರು. ನನ್ನ ಹತ್ತಿರ ಹೆಣ್ಣಿನ ಪರವಾನಗಿಯೂ ಇತ್ತು. ಮಿಲ್ಕ್‌ವೀಡ್ ಎಳೆ ಪ್ರಪಾತದ ಕಡೆಗೇ ಹೋಗುತ್ತಿತ್ತು. ಜಿಂಕೆ ತಗ್ಗಿಗೆ ಬಂದು ಮರದ ಮರೆಗೆ ತಲೆ ಹೋದಾಗ ಬಿಲ್ಲು ಎಳೆದೆ. ಮುಂಗಾಲು ಒಂದು ಹೆಜ್ಜೆ ಮುಂದಿಟ್ಟಾಗ ಭುಜದ ಹಿಂದೆ, ಮೈಯ ಕೆಳಗಿನ ಮೂರನೇ ಒಂದು ಭಾಗಕ್ಕೆ ಬಿಟ್ಟೆ. ಒಮ್ಮೆ ಒದ್ದು ಓಡಿತು. ಆಮೇಲೆ ಎಲ್ಲೋ ಒಣ ಕೊಂಬೆ ಮುರಿದ ಸದ್ದು. ಆಮೇಲೆ ಏನೂ ಇಲ್ಲ.

 ಮರದಲ್ಲೇ ಒಂದು ಗಂಟೆ ಕೂತೆ. ಕೈ ನಡುಗುತ್ತಿತ್ತು, ಹಾಗೆ ಇಳಿಯುವುದೂ ಅಪಾಯ. ಇಳಿದು ನೋಡಿದರೆ ಬಾಣದ ಮೇಲೆ ನೊರೆಯಿತ್ತು. ಜಿಂಕೆ 70 ಹೆಜ್ಜೆ ಆಚೆ ಸಿಕ್ಕಿತು.

ಅಲ್ಲೇ ಕರುಳು ತೆಗೆದು, ಫೋನಲ್ಲೇ ನೋಂದಣಿ ಮಾಡಿದೆ. ಮರುದಿನ ಸಂಜೆ ಐದರೊಳಗೆ ಮಾಡಲೇಬೇಕು. ಆ ಹಳ್ಳದಲ್ಲಿ ಎಳೆದು ರಸ್ತೆಗೆ ತರಲು ಮೂರೂವರೆ ತಾಸು ಬೇಕಾಯಿತು. ಬೇರೆ ಬೇಟೆಗಾರರು ಅಲ್ಲಿಗೆ ಯಾಕೆ ಬರುವುದಿಲ್ಲ ಅಂತ ಅವತ್ತು ಪೂರ್ತಿ ಅರ್ಥವಾಯಿತು.

ತಿನ್ನುವುದು ಮಾತ್ರ ಅವತ್ತೇ ಅಲ್ಲ. ಈ ಭಾಗದ ಜಿಂಕೆಗಳಲ್ಲಿ ಸಿಡಬ್ಲ್ಯುಡಿ ಅನ್ನುವ ಮಿದುಳಿನ ರೋಗವಿದೆ. ರಾಜ್ಯದಲ್ಲಿ ಅದು ಪತ್ತೆಯಾಗಿದ್ದು 2002ರಲ್ಲಿ, ಇದೇ ನೈಋತ್ಯ ಭಾಗದಲ್ಲಿ. ಅದಕ್ಕೇ ಇಲ್ಲಿ ಜೋಳ ಸುರಿದು ಜಿಂಕೆ ಕರೆಯುವುದೂ ನಿಷೇಧ. ರೋಗ ತರುವುದು ಪ್ರಿಯಾನ್ ಅನ್ನುವ ಕೆಟ್ಟ ಪ್ರೋಟೀನು. ಕುದಿಸಿದರೂ ನಾಶವಾಗುವುದಿಲ್ಲ. ಮನುಷ್ಯರಿಗೆ ತಗುಲಿದ್ದು ಸಾಬೀತಾಗಿಲ್ಲ, ಆದರೂ ರೋಗ ಇದ್ದ ಮಾಂಸ ತಿನ್ನಬೇಡಿ ಅಂತ ಆರೋಗ್ಯ ಇಲಾಖೆ ಹೇಳುತ್ತದೆ. ತಲೆಯನ್ನು ಚೀಲಕ್ಕೆ ಹಾಕಿ ಪರೀಕ್ಷೆಯ ಪೆಟ್ಟಿಗೆಯಲ್ಲಿಟ್ಟು ಬಂದೆ. ಪುಕ್ಕಟೆ. ಫಲಿತಾಂಶ ಬರುವವರೆಗೆ ಮಾಂಸ ಫ್ರೀಜರ್‌ನಲ್ಲಿ, ಹೆಸರು ದಿನಾಂಕ ಬರೆದು. ಹನ್ನೊಂದನೇ ದಿನ ಮೇಲ್ ಬಂತು, ರೋಗ ಇಲ್ಲ ಅಂತ.

ಜಿಂಕೆಯ ಕೊಬ್ಬು ಮೇಣದ ಹಾಗೆ ಬಾಯಿಗೆ ಅಂಟುತ್ತದೆ. ಅದನ್ನು ಪೂರ್ತಿ ಬಿಡಿಸಿ ತೆಗೆದೆ. ಬೆನ್ನಿನ ಮಾಂಸಕ್ಕೆ ಕರಿಮೆಣಸು, ಬೆಳ್ಳುಳ್ಳಿ, ತೆಂಗಿನ ಚೂರು ಹಾಕಿ ಹುರಿದೆವು. ಜೊತೆಗೆ ಕಡುಬು. ಪಕ್ಕದ ಮನೆಯ ಅಜ್ಜನಿಗೆ ಒಂದು ಡಬ್ಬಿ ಕೊಟ್ಟೆ. ಮೆಣಸಿನ ಖಾರಕ್ಕೆ ಮೂಗು ಒರೆಸಿಕೊಳ್ಳುತ್ತಲೇ ಖಾಲಿ ಮಾಡಿದರು.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಅಪ್ಪಯ್ಯ ಚಿಕ್ಕವರಿದ್ದಾಗ, ಕಾಯ್ದೆ ಬರುವ ಮುಂಚೆ, ಅಜ್ಜಯ್ಯನ ಜೊತೆ ಮರಸಿಗೆ ಕೂತವರು. ಎಷ್ಟು ದೊಡ್ಡದು ಅಂತ ಕೇಳಲಿಲ್ಲ.

"ಗಾಳಿ ಯಾವ ಕಡೆಯಿಂದ ಇತ್ತೋ?"

"ಎದುರಿಂದ ಅಪ್ಪಯ್ಯ. ಹಿಂದೆ ಪ್ರಪಾತ."

"ಹಂಗಾದ್ರೆ ಸರಿ," ಅಂದರು. ಆಮೇಲೆ ಅಡಿಕೆ ರೇಟಿನ ಮಾತಿಗೆ ಹೋದರು.