ಕೈ ಇರುವ ಕುರ್ಚಿ

ನಮ್ಮ ಮನೆಯ ಟೆರೇಸಿನಲ್ಲಿ ಹನ್ನೆರಡು ಪ್ಲಾಸ್ಟಿಕ್ ಕುರ್ಚಿಗಳಿವೆ. ಹನ್ನೊಂದಕ್ಕೆ ಕೈ ಇಲ್ಲ. ಒಂದಕ್ಕೆ ಮಾತ್ರ ಇದೆ, ಅಪ್ಪ ಬದುಕಿದ್ದಾಗ ತಂದದ್ದು. ತಿಂಗಳ ಎರಡನೇ ಭಾನುವಾರ ನಾವೆಲ್ಲ ಸೇರಿದಾಗ ಆ ಕುರ್ಚಿಯಲ್ಲಿ ಮಾತ್ರ ಬೇರೆ ಯಾರೂ ಕೂರುತ್ತಿರಲಿಲ್ಲ. ನಾನು ಚಹಾ ತಂದಿಟ್ಟು, ಅದರಲ್ಲಿ ಕೂತ ಮೇಲೇ ಮಾತು ಶುರು. ಇದು ನನ್ನ ಕಣ್ಣಿಗೆ ಬೀಳಲು ಐದು ತಿಂಗಳು ಬೇಕಾಯಿತು. ಅದೂ ನಾನಾಗಿ ಕಂಡದ್ದಲ್ಲ.

ನಾವು ಒಬ್ಬ ಗುರುಗಳ ಬಳಗದಲ್ಲಿದ್ದು ಹೊರಗೆ ಬಂದವರು. ಬಳಗದ ಹೆಸರು ಬೇಡ. ಅಲ್ಲಿ ಇನ್ನೂ ನಮ್ಮ ನೆಂಟರು, ಸ್ನೇಹಿತರು ಇದ್ದಾರೆ. ನಾನು ಅಲ್ಲಿ ಹನ್ನೊಂದು ವರ್ಷ ಇದ್ದೆ. ಉಡುಪಿಯ ಸತ್ಸಂಗದ ಮಾಸಪತ್ರಿಕೆಯಲ್ಲಿ ಪ್ರಶ್ನೋತ್ತರದ ಪುಟ ನನ್ನದು. ಯಾರಾದರೂ ಸ್ವಲ್ಪ ಖಾರವಾಗಿ ಕೇಳಿದರೆ ನನ್ನ ಹತ್ತಿರ ಒಂದು ಸಿದ್ಧ ಉತ್ತರ ಇತ್ತು: ‘ಸಂಶಯಾತ್ಮಾ ವಿನಶ್ಯತಿ’. ಗೀತೆಯ ನಾಲ್ಕನೇ ಅಧ್ಯಾಯ, ನಲವತ್ತನೇ ಶ್ಲೋಕ. ಸಂಶಯ ಪಟ್ಟವನು ಕೆಟ್ಟ. ಮುಗೀತು.

ಅದೇ ಅಧ್ಯಾಯದಲ್ಲಿ ಆರು ಶ್ಲೋಕ ಹಿಂದೆ, 34ರಲ್ಲಿ, ಜ್ಞಾನವನ್ನು ಹೇಗೆ ಪಡೀಬೇಕು ಅಂತ ಇದೆ. ‘ಪ್ರಣಿಪಾತೇನ ಪರಿಪ್ರಶ್ನೇನ ಸೇವಯಾ’. ನಮಸ್ಕಾರ ಮಾಡಿ, ಚೆನ್ನಾಗಿ ಪ್ರಶ್ನೆ ಕೇಳಿ, ಸೇವೆ ಮಾಡಿ. ಇದನ್ನೂ ನಾನೇ ಪಾಠ ಮಾಡುತ್ತಿದ್ದೆ. ನಮಸ್ಕಾರಕ್ಕೆ ಅರ್ಧ ಗಂಟೆ, ಸೇವೆಗೆ ಒಂದು ಗಂಟೆ. ನಡುವಿನ ‘ಪರಿಪ್ರಶ್ನ’ವನ್ನು ಮಾತ್ರ ಎಕ್ಸ್‌ಪ್ರೆಸ್ ಬಸ್ಸು ಸಣ್ಣ ಸ್ಟಾಪನ್ನು ದಾಟಿದ ಹಾಗೆ ದಾಟಿಬಿಡುತ್ತಿದ್ದೆ.

ಹೊರಗೆ ಬಂದ ಕಾರಣ ದೊಡ್ಡ ಕತೆ ಏನಲ್ಲ. ಕಾಣಿಕೆಯ ಲೆಕ್ಕದಲ್ಲಿ ಒಂದು ಕಡೆ ತಾಳೆಯಾಗಲಿಲ್ಲ. ಕೇಳಿದೆ. ‘ನೀನು ಕಂಡದ್ದು ಲೆಕ್ಕ ಅಲ್ಲ, ನಿನ್ನ ಅಹಂಕಾರ’ ಅಂದರು. ಪುಸ್ತಕ ಕಣ್ಣೆದುರೇ ತೆರೆದಿತ್ತು.

ಆಮೇಲೆ ಒಬ್ಬೊಬ್ಬರಾಗಿ ಸಿಕ್ಕಿದರು. ಅಂಬಲಪಾಡಿಯ ಅಕ್ಕ, ಸುರತ್ಕಲ್‌ನ ಗಂಡ ಹೆಂಡತಿ, ಕಾಪುವಿನಲ್ಲಿ ಅಂಗಡಿ ಇರುವ ಒಬ್ಬರು, ಮಣಿಪಾಲದಲ್ಲಿ ಕೆಲಸ ಮಾಡುವ ಹುಡುಗ, ಮಂಗಳೂರಿನ ಕುದ್ರೋಳಿ ಕಡೆಯಿಂದ ಇಬ್ಬರು. ಮೊದಲ ದಿನ ಎಲ್ಲರೂ ಅತ್ತರು, ಗೋಳಿಬಜೆ ತಿಂದರು, ಹಗುರಾದರು. ಎರಡನೇ ತಿಂಗಳಿಂದ ಜಗಳ.

ಜಗಳ ಆಗದೆ ಇರುತ್ತಾ? ಬಳಗ ಬಿಟ್ಟರೂ ಪ್ರಶ್ನೆಗಳು ನಮ್ಮ ಜೊತೆಗೇ ಬಂದಿದ್ದವು. ಗುರು ಕೊಟ್ಟ ಮಂತ್ರ ಜಪಿಸಬಹುದಾ? ಗುರುವಾಕ್ಯ ಶಾಸ್ತ್ರಕ್ಕಿಂತ ಮೇಲಾ? ಮಣಿಪಾಲದ ಹುಡುಗ ‘ಎಲ್ಲ ಗುರುಗಳೂ ಒಂದೇ, ಎಲ್ಲ ಮೋಸ’ ಅಂದ. ಕುದ್ರೋಳಿಯವರಿಗೆ ಸಿಟ್ಟು ಬಂತು. ‘ನಮ್ಮವರನ್ನು ದೇವಸ್ಥಾನದ ಒಳಗೆ ಬಿಡದಿದ್ದ ಕಾಲದಲ್ಲಿ, 1912ರಲ್ಲಿ, ನಾರಾಯಣ ಗುರುಗಳು ಬಂದು ನಮಗೇ ಅಂತ ಗೋಕರ್ಣನಾಥನ ಪ್ರತಿಷ್ಠೆ ಮಾಡಿದ್ರು. ಅವರನ್ನೂ ಆ ಲೆಕ್ಕಕ್ಕೆ ಹಾಕ್ತಿಯಾ ಮಾರಾಯ?’ ಹುಡುಗ ತಡವರಿಸಿದ. ಅಷ್ಟರಲ್ಲಿ ಇನ್ಯಾರೋ ಬಾಯಿ ಹಾಕಿದರು. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಲಿಲ್ಲ.

ಕಾಪುವಿನವರು ಹವ್ಯಾಸಿ ಅರ್ಥಧಾರಿ, ಅಂದರೆ ವೇಷ ಇಲ್ಲದೆ ಮಾತಿನಲ್ಲೇ ಪಾತ್ರ ಕಟ್ಟುವವರು. ತಾಳಮದ್ದಳೆಯಲ್ಲಿ ಪಳಗಿದ ನಾಲಿಗೆ. ಅವರು ಮಾತಿಗೆ ಕೂತರೆ ಎದುರಿನವರಿಗೆ ಉಳಿಗಾಲ ಇಲ್ಲ. ಒಂದು ದಿನ ಭೀಷ್ಮ ಪರಶುರಾಮರಿಗೆ ಹೇಳಿದ ಮಾತನ್ನು ಎತ್ತಿದರು. ಅಂಬೆಯ ಪ್ರಕರಣ, ಉದ್ಯೋಗಪರ್ವದಲ್ಲಿ ಬರುತ್ತದೆ. ಗುರುವೇ ಆದರೂ ಗರ್ವದಿಂದ ಕಾರ್ಯ ಯಾವುದು, ಅಕಾರ್ಯ ಯಾವುದು ಅಂತ ತಿಳಿಯದೆ ದಾರಿ ತಪ್ಪಿದರೆ ಅವನನ್ನು ಬಿಡಬೇಕು ಅಂತ. ಪರಶುರಾಮ ಸೃಷ್ಟಿಯ ನೆಲದಲ್ಲೇ ಕೂತು ಪರಶುರಾಮನಿಗೆ ಹೇಳಿದ ಮಾತು ಕೇಳುವಾಗ ಮೈ ಜುಮ್ಮೆಂದಿತು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಮನೆಗೆ ಹೋದ ಮೇಲೆ ಅಂಬಲಪಾಡಿಯ ಅಕ್ಕ ಫೋನ್ ಮಾಡಿದರು. ‘ಕೇಳ್ಲಿಕ್ಕೆ ಭಾರೀ ಚಂದ ಆಯ್ತು ಸರ್. ಆದ್ರೆ ಗುರುಗಳನ್ನು ಬಿಟ್ಟದ್ದರ ಹೆದರಿಕೆ ನನಗೆ ಹಾಗೇ ಉಂಟು.’

ಆಗ ನಾನು ಮಾಡಿದ ಒಂದು ಒಳ್ಳೆಯ ಕೆಲಸ, ಪರಿಚಯದ ಸಂಸ್ಕೃತ ಮೇಷ್ಟ್ರ ಮನೆಗೆ ಹೋದದ್ದು. ನಿವೃತ್ತರು, ನಮ್ಮ ಬಳಗದ ಗಾಳಿಯೂ ಸೋಕದವರು. ಕತೆಯೆಲ್ಲ ಕೇಳಿ ನಕ್ಕರು. ‘ಉಡುಪಿಯಲ್ಲಿ ಕೂತು ವಾದ ಮಾಡುದು ಹೇಗೆ ಅಂತ ಕೇಳ್ತಿರಲ್ಲ! ಮಧ್ವಾಚಾರ್ಯರು ಅದಕ್ಕೇ ಅಂತ ಒಂದು ಸಣ್ಣ ಗ್ರಂಥ ಬರೆದಿದ್ದಾರೆ, ಕಥಾಲಕ್ಷಣ.’ ಇಲ್ಲಿ ಕಥೆ ಅಂದರೆ ಚರ್ಚೆ. ತತ್ತ್ವ ನಿರ್ಣಯ ಆಗಲಿ ಅಂತ ಮಾಡುವುದು ವಾದ. ಹೆಸರಿಗೋ ಪೈಪೋಟಿಗೋ ಮಾಡುವುದು ಜಲ್ಪ. ವಿತಂಡವೂ ಉಂಟು, ಅದು ಬೇರೆ. ನಾವು ಮಾಡುತ್ತಿದ್ದದ್ದು ಜಲ್ಪ ಅಂತ ನನಗೆ ಅಲ್ಲೇ ಗೊತ್ತಾಯಿತು.

ತೀರ್ಪು ಕೊಡುವವರ ಬಗ್ಗೆಯೂ ಅದರಲ್ಲಿದೆ. ರಾಗದ್ವೇಷ ಇಲ್ಲದವರು, ವಿದ್ಯೆ ಬಲ್ಲವರು ಆಗಿರಬೇಕು. ಸಂಖ್ಯೆ ಬೆಸ ಇರಬೇಕು, ಇಲ್ಲದಿದ್ದರೆ ಒಬ್ಬರೇ. ನಮ್ಮಲ್ಲಿ ರಾಗದ್ವೇಷ ಇಲ್ಲದವರು ಯಾರು ಅಂತ ಹುಡುಕಿದರೆ ಮನೆಯ ಬೆಕ್ಕು ಒಂದೇ. ಹಾಗಾಗಿ ತೀರ್ಪಿನ ಆಸೆ ಬಿಟ್ಟೆವು. ಆದರೆ ಮೇಷ್ಟ್ರು ಹೇಳಿದ ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಂಡೆವು. ತರ್ಕಶಾಸ್ತ್ರದ ಹಳೆಯ ಗ್ರಂಥ ನ್ಯಾಯಸೂತ್ರದಲ್ಲಿ ವಾದಿ ಸೋಲುವ ಜಾಗಗಳು 22 ಅಂತ ಪಟ್ಟಿ ಇದೆ. ಅದರಲ್ಲಿ ಒಂದು ಅನನುಭಾಷಣ. ಎದುರಿನವರು ಮೂರು ಸಲ ಹೇಳಿದ್ದು ಸಭೆಗೆ ಅರ್ಥವಾಗಿದ್ದರೂ, ಅದನ್ನು ತಿರುಗಿ ಹೇಳಲು ಆಗದಿದ್ದರೆ ನೀವು ಸೋತಿರಿ. ಅಷ್ಟೇ.

ನಮ್ಮ ನಿಯಮ ಹೀಗಾಯಿತು. ಯಾರನ್ನಾದರೂ ಖಂಡಿಸುವ ಮೊದಲು ಅವರ ಮಾತನ್ನು ನಿಮ್ಮ ಬಾಯಲ್ಲಿ ಹೇಳಬೇಕು. ಅವರು ‘ಹೌದು, ನಾನು ಹೇಳಿದ್ದು ಅದೇ’ ಅನ್ನಬೇಕು. ಆಮೇಲೆ ಖಂಡನೆ. ಬಳಗದ ಸಿದ್ಧಾಂತದ ಬಗ್ಗೆ ಮಾತಾಡುವ ದಿನ ನಮ್ಮಲ್ಲೇ ಒಬ್ಬರು ಬಳಗದ ಪರವಾಗಿ, ಪೂರ್ತಿ ಮನಸ್ಸಿಟ್ಟು, ಪೂರ್ವಪಕ್ಷ ಮಾಡಬೇಕು, ಅಂದರೆ ನಾವು ಖಂಡಿಸಬೇಕಾದ ಕಡೆಯ ವಾದವನ್ನು ಮೊದಲು ಮಂಡಿಸಬೇಕು. ಅಣಕಿಸುವ ಹಾಗಿಲ್ಲ.

ಕೇಳಲು ಸುಲಭ. ಮೊದಲ ದಿನ ಮೂರು ಗಂಟೆಯಲ್ಲಿ ಒಂದೇ ಒಂದು ವಿಷಯ ಮುಂದೆ ಹೋಯಿತು. ಸುರತ್ಕಲ್‌ನ ದಂಪತಿಯಂತೂ ಮದುವೆಯಾಗಿ ಇಪ್ಪತ್ತು ವರ್ಷವಾದರೂ ಒಬ್ಬರ ಮಾತನ್ನು ಇನ್ನೊಬ್ಬರಿಗೆ ಸರಿಯಾಗಿ ತಿರುಗಿ ಹೇಳಲು ಆಗದೆ ಒದ್ದಾಡಿದರು.

ಈ ನಿಯಮದಿಂದ ನನಗೇ ಮೊದಲ ಏಟು ಬಿತ್ತು. ನಾನು ಅಚ್ಯುತಪ್ರೇಕ್ಷರ ಕತೆ ತೆಗೆದಿದ್ದೆ. ಮಧ್ವಾಚಾರ್ಯರ ಸನ್ಯಾಸ ಗುರು. ಅವರು ಇಷ್ಟಸಿದ್ಧಿ ಅನ್ನುವ ಅದ್ವೈತ ಗ್ರಂಥ ಪಾಠ ಮಾಡುವಾಗ ಶಿಷ್ಯ ಮೊದಲ ಪದ್ಯದಲ್ಲೇ 32 ದೋಷ ತೋರಿಸಿದ ಅಂತ ಮಧ್ವರ ಚರಿತ್ರೆ ಹೇಳುವ ಸುಮಧ್ವವಿಜಯದಲ್ಲಿದೆ. ಕೊನೆಗೆ ಗುರುವೇ ಶಿಷ್ಯನ ಮತಕ್ಕೆ ಬಂದರು. ‘ನೋಡಿ, ಪ್ರಶ್ನೆ ಕೇಳುವುದು ಈ ಮಣ್ಣಿನಲ್ಲೇ ಇದೆ’ ಅಂತ ಹೇಳಿ ಸುತ್ತ ನೋಡಿದೆ. ಅವತ್ತು ಪೂರ್ವಪಕ್ಷ ಸುರತ್ಕಲ್‌ನ ಅಕ್ಕನದ್ದು. ಅವರು ನನ್ನ ಮಾತನ್ನು ನೀಟಾಗಿ ತಿರುಗಿ ಹೇಳಿ, ಆಮೇಲೆ ಕೇಳಿದರು: ‘ಕೇಳಿದವರು ವಾಯುದೇವರ ಅವತಾರ ಅಂತ ಅದೇ ಪುಸ್ತಕ ಹೇಳ್ತದೆ. ನೀವು ಯಾರ ಅವತಾರ ಸರ್?’

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಆದರೆ ಉತ್ತರ ಇರಲಿಲ್ಲ. ‘ಮುಂದಿನ ವಿಷಯಕ್ಕೆ ಹೋಗೋಣ’ ಅಂದೆ. ಆಗಲೇ ಮಣಿಪಾಲದ ಹುಡುಗ ಕೈ ಎತ್ತಿದ್ದು. ‘ಸರ್, ಉತ್ತರ ಬರುದಿಲ್ಲ ಅಂತಾದಾಗ ಮುಂದಿನ ವಿಷಯಕ್ಕೆ ಹೋಗುವ ಅಧಿಕಾರ ನಿಮಗೆ ಯಾರು ಕೊಟ್ಟದ್ದು? ಮತ್ತೆ ಆ ಕುರ್ಚಿ. ಅದು ಯಾವಾಗಲೂ ನಿಮಗೇ ಎಂತಕ್ಕೆ?’

ನಾನು ಕೆಳಗೆ ನೋಡಿದೆ. ಎರಡು ಕೈಗಳೂ ಕುರ್ಚಿಯ ಕೈ ಮೇಲಿದ್ದವು. ಗುರುಗಳು ಕೂರುತ್ತಿದ್ದದ್ದು ಹಾಗೇ.

ಅವತ್ತಿನಿಂದ ಆ ಕುರ್ಚಿ ಸರದಿಯದ್ದು. ಯಾರು ಅದರಲ್ಲಿ ಕೂರುತ್ತಾರೋ ಅವರು ಮಾತಾಡುವ ಹಾಗಿಲ್ಲ. ಯಾರು ಯಾರ ಮಾತನ್ನು ಸರಿಯಾಗಿ ತಿರುಗಿ ಹೇಳಿಲ್ಲ ಅಂತ ನೋಡುವುದಷ್ಟೇ ಕೆಲಸ. ನನಗೆ ಮೂಲೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕ ಜಾಗ. ಮೊದಮೊದಲು ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಈ ಪದ್ಧತಿ ನಿಜಕ್ಕೂ ಕೆಲಸಕ್ಕೆ ಬಂದದ್ದು ಮಳೆಗಾಲದ ಆಟಿ ತಿಂಗಳ ಒಂದು ಭಾನುವಾರ. ಅಂಬಲಪಾಡಿಯ ಅಕ್ಕನ ಮಗ ಸಂತೆಕಟ್ಟೆ ಹತ್ತಿರ ಸ್ಕೂಟರಿನಿಂದ ಬಿದ್ದು ಕೈ ಮುರಿದುಕೊಂಡಿದ್ದ. ನೋಡಲು ಬಂದ ಹಳೆ ಬಳಗದವರೊಬ್ಬರು ಎಳನೀರು ಕೊಟ್ಟು, ಹೊರಡುವಾಗ ಮೆಲ್ಲಗೆ ಅಂದರಂತೆ: ‘ಗುರುದ್ರೋಹ ಸುಮ್ನೆ ಬಿಡುದಿಲ್ಲ ಅಕ್ಕ.’ ಅಕ್ಕ ಬಂದು ಕೂತು ಇದನ್ನು ಹೇಳಿ, ‘ಹೌದಾ ಅಲ್ವಾ ಹೇಳಿ’ ಅಂದರು. ನಾವೆಲ್ಲ ಒಟ್ಟಿಗೆ ‘ಛೆ, ಸುಳ್ಳು’ ಅಂದೆವು. ಅವರ ಮುಖ ಬದಲಾಗಲಿಲ್ಲ. ಅಲ್ಲಿ ಒಬ್ಬರು ಹೌದು ಅಂದರು, ಇಲ್ಲಿ ಏಳು ಜನ ಅಲ್ಲ ಅಂದರು. ಯಾರ ಮಾತು ಮೇಲು ಅನ್ನುವ ಹಳೇ ಲೆಕ್ಕವೇ ಅಲ್ವಾ?

ಕಾಪುವಿನವರು ಪೂರ್ವಪಕ್ಷಕ್ಕೆ ನಿಂತರು. ದೇವರು ಮುನಿದರೆ ಗುರು ಕಾಯುತ್ತಾನೆ, ಗುರು ಮುನಿದರೆ ಕಾಯುವವರೇ ಇಲ್ಲ ಎನ್ನುವ ಗುರುಗೀತೆಯ ಮಾತಿನಿಂದ ಶುರು ಮಾಡಿದರು. ದೀಕ್ಷೆ ಅಂದರೆ ಕಟ್ಟಿದ ಹಗ್ಗ, ಕಡಿದರೆ ಎರಡೂ ಕಡೆಗೆ ಪೆಟ್ಟು ಅಂದರು. ಎಷ್ಟು ಚೆನ್ನಾಗಿ ಮಾತಾಡಿದರೆಂದರೆ ನನಗೇ ಬೆವರು ಬಂತು. ಅಷ್ಟರಲ್ಲಿ ಮಳೆ. ನಮ್ಮ ಟೆರೇಸಿಗೆ ತಗಡಿನ ಶೀಟು, ಮಳೆ ಬಂದರೆ ಒಂದಕ್ಷರ ಕೇಳುವುದಿಲ್ಲ. ಹತ್ತು ನಿಮಿಷ ಎಲ್ಲರೂ ಸುಮ್ನೆ ಕೂತೆವು. ವಾದಕ್ಕೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಯಾವ ಶಾಸ್ತ್ರದಲ್ಲೂ ಇಲ್ಲ ಅಂತ ನನ್ನ ಅಭಿಪ್ರಾಯ.

ಮಳೆ ನಿಂತ ಮೇಲೆ ಸುರತ್ಕಲ್‌ನ ಅಕ್ಕ ಕಾಪುವಿನವರ ಮಾತನ್ನೆಲ್ಲ ತಿರುಗಿ ಹೇಳಿದರು. ಅವರು ತಲೆಯಾಡಿಸಿದರು. ಆಮೇಲೆ ಅಕ್ಕ ನನ್ನ ಕಡೆ ತಿರುಗಿದರು. ‘ಒಳಗಿದ್ದಾಗ ನಾನು ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದಿತ್ತು. ಪತ್ರಿಕೆಯಲ್ಲಿ ನೀವು ಎಂತ ಬರೆದಿದ್ರಿ, ನೆನಪುಂಟಾ?’

ನೆನಪಿತ್ತು. ದೊಡ್ಡದಾಗಿ ಬರಬೇಕಿದ್ದದ್ದನ್ನು ಗುರುಗಳು ಸಣ್ಣದರಲ್ಲಿ ಕಳೆದರು ಅಂತ ಬರೆದಿದ್ದೆ.

ಒಳಗಿದ್ದವರ ಮೂಳೆ ಮುರಿದರೆ ಕೃಪೆ, ಹೊರಗೆ ಬಂದವರ ಮೂಳೆ ಮುರಿದರೆ ಶಾಪ. ಅಂಬಲಪಾಡಿಯ ಅಕ್ಕ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ಕಾಪುವಿನವರನ್ನು ಕೇಳಿದರು: ‘ಹಾಗಾದ್ರೆ ಭಟ್ರೇ, ಗುರುವಿಗೆ ಸಂಬಂಧ ಇಲ್ಲದೆ ಸುಮ್ನೆ ಮುರಿಯುವ ಮೂಳೆ ಯಾವುದು?’

ಭಟ್ರು ಬಾಯಿ ತೆರೆದರು, ಮುಚ್ಚಿದರು. ಅವರನ್ನು ಹಾಗೆ ನೋಡಿದ್ದು ಅದೇ ಮೊದಲು. ನಾವೆಲ್ಲ ಹೇಳಿದಾಗ ಹೋಗದ ಅಕ್ಕನ ಹೆದರಿಕೆ ಅಕ್ಕನೇ ಆ ಪ್ರಶ್ನೆ ಕೇಳಿದಾಗ ಸ್ವಲ್ಪ ಸಡಿಲವಾಯಿತು. ಪೂರ್ತಿ ಹೋಯಿತು ಅಂತ ಹೇಳಲಾರೆ. ಈಗಲೂ ಗುರುವಾರ ಅಕ್ಕ ಎಲ್ಲಿಗೂ ಹೊರಡುವುದಿಲ್ಲ.

ಮೇಷ್ಟ್ರಿಗೆ ಇದನ್ನು ಹೇಳಿದೆ. ಅವರು ಶಂಕರಾಚಾರ್ಯರ ಗೀತಾಭಾಷ್ಯ ತೆಗೆದು ತೋರಿಸಿದರು. ಬೆಂಕಿ ತಣ್ಣಗಿದೆ ಅಂತ ನೂರು ಶ್ರುತಿ, ಅಂದರೆ ವೇದವಾಕ್ಯ, ಹೇಳಿದರೂ ಅದು ಪ್ರಮಾಣವಾಗುವುದಿಲ್ಲ ಅಂತ ಅದರಲ್ಲಿದೆ. ‘ಮಧ್ವರೂ ಪ್ರತ್ಯಕ್ಷವನ್ನು, ಕಣ್ಣಾರೆ ಕಂಡದ್ದನ್ನು, ಬಿಟ್ಟುಕೊಡುವವರಲ್ಲ. ಮತ್ತೆ ನಿಮ್ಮ ಲೆಕ್ಕದ ಪುಸ್ತಕ ಮಾತ್ರ ಹೇಗೆ ಅಹಂಕಾರ ಆಗ್ತದೆ?’ ಅಂದರು. ಹನ್ನೊಂದು ವರ್ಷದಲ್ಲಿ ಈ ಸಾಲು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಹುಡುಕಿರಲಿಲ್ಲ, ಅದಕ್ಕೆ.

ಎಲ್ಲವೂ ಸರಿಹೋಯಿತು ಅಂತಲ್ಲ. ಕುದ್ರೋಳಿಯ ಒಬ್ಬರು ‘ನಿಮ್ಮ ಶ್ಲೋಕಗಳ ಜಗಳದಲ್ಲಿ ನನಗೆ ಜಾಗ ಇಲ್ಲ’ ಅಂತ ಬರುವುದನ್ನು ನಿಲ್ಲಿಸಿದರು. ಅವರು ಹೇಳಿದ್ದರಲ್ಲಿ ನಿಜ ಇತ್ತು. ಪ್ರಮಾಣ ಅಂದರೆ ಸಂಸ್ಕೃತವೇ ಅಂತ ನಾವು ಅಂದುಕೊಂಡುಬಿಟ್ಟಿದ್ದೆವು. ಸುರತ್ಕಲ್‌ನ ಗಂಡ ಈಗ ಇನ್ನೊಬ್ಬ ಗುರುಗಳ ಪ್ರವಚನಕ್ಕೆ ಹೋಗುತ್ತಾರೆ, ಹೆಂಡತಿ ನಮ್ಮಲ್ಲಿಗೆ ಬರುತ್ತಾರೆ. ಮಂತ್ರ ಜಪಿಸಬಹುದಾ ಅನ್ನುವ ಪ್ರಶ್ನೆ ನಾಲ್ಕು ಸಲ ಬಂದು ನಾಲ್ಕು ಸಲವೂ ಹಾಗೇ ಉಳಿದಿದೆ.

ಕಳೆದ ಸಲ ಕೈ ಇರುವ ಕುರ್ಚಿಯಲ್ಲಿ ಇದ್ದದ್ದು ಅಂಬಲಪಾಡಿಯ ಅಕ್ಕ. ಎಲ್ಲ ಮುಗಿದು ಲೋಟ ತೊಳೆಯುವಾಗ ಚೀಲದಿಂದ ಒಂದು ಹಳೆಯ ಪತ್ರಿಕೆ ತೆಗೆದು ನನ್ನ ಮುಂದೆ ಹಿಡಿದರು. ನನ್ನದೇ ಪುಟ. ಮೇಲೆ ದಪ್ಪ ಅಕ್ಷರದಲ್ಲಿ ‘ಸಂಶಯಾತ್ಮಾ ವಿನಶ್ಯತಿ’. ಕೆಳಗೆ ಪ್ರಶ್ನೆ ಕೇಳಿದವರ ಹೆಸರಿಲ್ಲ, ‘ಅಂಬಲಪಾಡಿಯ ಒಬ್ಬ ಸಾಧಕಿ’ ಅಂತ ಮಾತ್ರ.

‘ಮುಂದಿನ ಸಲ ಇದು ಸರ್. ನಾನು ಖಂಡನೆ ಮಾಡ್ತೇನೆ. ನೀವು ಪೂರ್ವಪಕ್ಷ. ಆಗ ಬರೆದ ಹಾಗೇ ನಂಬಿ ಹೇಳ್ಬೇಕು, ಅರ್ಧಂಬರ್ಧ ಮಾಡ್ಬಾರ್ದು.’

ನಿನ್ನೆ ರಾತ್ರಿಯಿಂದ ಅದನ್ನು ಓದುತ್ತಿದ್ದೇನೆ. ಕೆಟ್ಟ ಬರಹ ಅಲ್ಲ. ಅದೇ ಕಷ್ಟ.