ಜಿಡಿಬಿಯಲ್ಲಿ ಹೀಪ್ ಮೆಮೊರಿ ಓದುವುದು ಹೇಗೆ

ಹೀಪ್ (ಓಡುವಾಗ ಕೇಳಿ ಪಡೆಯುವ ಮೆಮೊರಿ) ಕೆಟ್ಟಾಗ ಪ್ರೋಗ್ರಾಂ ಬೀಳುವ ಜಾಗ ಒಂದು, ತಪ್ಪು ನಡೆದ ಜಾಗ ಇನ್ನೊಂದು. ಮೆಮೊರಿ ಹಿಂದಿರುಗಿಸುವ ಫ್ರೀ ಕರೆದ ಸಾಲಿನಲ್ಲಿ ಅಬಾರ್ಟ್ ಆಯಿತೆಂದು ಆ ಸಾಲನ್ನೇ ತಿದ್ದಲು ಹೊರಟರೆ ಏನೂ ಕೈಗೆ ಸಿಗುವುದಿಲ್ಲ. ನೋಡಬೇಕಾದದ್ದು ಪ್ರತಿ ಚಂಕ್‌ನ (ಹೀಪ್‌ನ ಒಂದೊಂದು ತುಂಡಿನ) ತಲೆಯಲ್ಲಿರುವ ಗಾತ್ರದ ಅಂಕಿ. ಅದನ್ನು ಯಾವ ಕೋಡ್ ಕೆಡಿಸಿತು ಎಂದು ಜಿಡಿಬಿ ಎಂಬ ಡಿಬಗರ್‌ನಲ್ಲಿ ಹಿಡಿಯುವುದೇ ಮುಖ್ಯ ಕೆಲಸ. ಇಲ್ಲಿನ ಲೆಕ್ಕವೆಲ್ಲ 64 ಬಿಟ್ ಎಕ್ಸ್86 ಲಿನಕ್ಸ್‌ನಲ್ಲಿ ಜಿಲಿಬ್‌ಸಿ ಎಂಬ ಸಿ ಲೈಬ್ರರಿಯ ಮ್ಯಾಲಾಕ್‌ಗೆ (ಮೆಮೊರಿ ಕೊಡುವ ಫಂಕ್ಷನ್‌ಗೆ) ಸಂಬಂಧಿಸಿದ್ದು.

ಮ್ಯಾಲಾಕ್ ಕೊಡುವ ವಿಳಾಸದ ಹಿಂದಿನ 8 ಬೈಟ್‌ಗಳಲ್ಲಿ ಚಂಕ್‌ನ ಗಾತ್ರ ಇರುತ್ತದೆ. ಕೇಳಿದ್ದಕ್ಕೆ 8 ಕೂಡಿಸಿ, 16ರ ಮುಂದಿನ ಗುಣಕಕ್ಕೆ ಏರಿಸಿದರೆ ಆ ಗಾತ್ರ ಬರುತ್ತದೆ. 32ಕ್ಕಿಂತ ಕಡಿಮೆ ಇರುವುದಿಲ್ಲ. ಹಾಗಾಗಿ 24 ಬೈಟ್ ಕೇಳಿದರೆ 32, 25 ಕೇಳಿದರೆ 48. ಗಾತ್ರ ಯಾವಾಗಲೂ 16ರ ಗುಣಕವಾದ್ದರಿಂದ ಕೊನೆಯ ಬಿಟ್‌ಗಳು ಖಾಲಿ ಉಳಿಯುತ್ತವೆ, ಅವು ಗುರುತುಗಳಾಗುತ್ತವೆ: 1 ಎಂದರೆ ಹಿಂದಿನ ಚಂಕ್ ಬಳಕೆಯಲ್ಲಿದೆ, 2 ಎಂದರೆ ಎಂಮ್ಯಾಪ್‌ನಿಂದ (ಕರ್ನಲ್‌ನಿಂದ ನೇರವಾಗಿ) ಬಂದದ್ದು, 4 ಎಂದರೆ ಮುಖ್ಯ ಅರೀನಾದ್ದಲ್ಲ (ಅರೀನಾ ಎಂದರೆ ಮ್ಯಾಲಾಕ್ ನಿರ್ವಹಿಸುವ ಮೆಮೊರಿ ವಲಯ). 32 ಬೈಟ್ ಚಂಕ್ ಹೆಕ್ಸ್‌ನಲ್ಲಿ 21 ಎಂದು ಕಾಣುವುದು ಇದರಿಂದಲೇ.

ಕೈಯಿಂದ ಮಾಡಿ ನೋಡಲು ಸಣ್ಣ ಸಿ ಪ್ರೋಗ್ರಾಂ ಸಾಕು. ಎ, ಬಿ ಎಂಬ ಎರಡು ಚಾರ್ ಪಾಯಿಂಟರ್‌ಗಳಿಗೆ ಒಂದರ ಹಿಂದೆ ಒಂದರಂತೆ 24 ಬೈಟ್ ಮ್ಯಾಲಾಕ್ ಮಾಡಿ, ಎ ಒಳಕ್ಕೆ ಸರಿಯಾಗಿ 24 ಅಕ್ಷರಗಳ ಸ್ಟ್ರಿಂಗನ್ನು ಸ್ಟ್ರ್‌ಕಾಪಿಯಿಂದ ತುಂಬಿ, ನಂತರ ಎರಡನ್ನೂ ಫ್ರೀ ಮಾಡಿ. -ಜಿ ಮತ್ತು -ಓ0 ಹಾಕಿಯೇ ಕಂಪೈಲ್ ಮಾಡಿ, ಇಲ್ಲದಿದ್ದರೆ ಆಪ್ಟಿಮೈಸರ್ ಚರಗಳನ್ನೇ ಮಾಯ ಮಾಡಬಹುದು.

ಮೊದಲು ಮೇನ್‌ಗೆ ಬ್ರೇಕ್‌ಪಾಯಿಂಟ್ ಇಟ್ಟು ಓಡಿಸಿ, ಎರಡೂ ಮ್ಯಾಲಾಕ್ ಮುಗಿಯುವವರೆಗೆ ‘ನೆಕ್ಸ್ಟ್’ ಒತ್ತಿ. ಈಗ ‘ಎಕ್ಸ್/8ಜಿಎಕ್ಸ್ ಎ-16’ ಕೊಡಿ: 8 ಬೈಟ್‌ನ ಎಂಟು ಪದಗಳು ಹೆಕ್ಸ್‌ನಲ್ಲಿ, ಸಾಲಿಗೆ ಎರಡರಂತೆ ಬರುತ್ತವೆ. ಮೊದಲ ಮತ್ತು ಮೂರನೇ ಸಾಲಿನ ಬಲಗಡೆ 21 ಇರಬೇಕು. ಮೊದಲನೆಯದು ಎ ಚಂಕ್‌ನದು, ಎರಡನೆಯದು ಬಿಯದು. ಎ ಲಾಂಗ್ ಪಾಯಿಂಟರ್ ಆಗಿದ್ದರೆ 16ರ ಬದಲು 2 ಕಳೆಯಬೇಕು. ಈ ಒಂದು ಎಡವಟ್ಟಿನಿಂದಲೇ ಅನೇಕರು ಬೇರೆ ಜಾಗ ನೋಡಿಕೊಂಡು ಹೀಪ್ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಸ್ಟ್ರ್‌ಕಾಪಿಗೆ ಮುಂಚೆ, ಬಿಯ ಗಾತ್ರ ಬದಲಾದೊಡನೆ ನಿಲ್ಲುವಂತೆ, ‘ವಾಚ್ -ಎಲ್ *(ಅನ್‌ಸೈನ್ಡ್ ಲಾಂಗ್ *)(ಎ+24)’ ಕೊಟ್ಟು ‘ಕಂಟಿನ್ಯೂ’ ಮಾಡಿ. 24 ಅಕ್ಷರಕ್ಕೆ ಕೊನೆಯ ಸೊನ್ನೆ ಸೇರಿ 25 ಬೈಟ್. ಆ 25ನೆಯದು ನೇರ ಬಿಯ ಗಾತ್ರದ ಮೇಲೆ ಬೀಳುತ್ತದೆ. ಹಳೆಯ ಬೆಲೆ 33, ಹೊಸದು 0 ಎಂದು ಜಿಡಿಬಿ ನಿಲ್ಲುತ್ತದೆ (33 ಎಂದರೆ ಹೆಕ್ಸ್ 21). ‘ಬಿಟಿ’ (ಬ್ಯಾಕ್‌ಟ್ರೇಸ್, ಅಂದರೆ ಕರೆಗಳ ಸರಣಿ) ಕೊಟ್ಟರೆ ಸ್ಟ್ರ್‌ಕಾಪಿ ಕರೆದ ಸಾಲು ಎದುರಿಗಿರುತ್ತದೆ. ವಾಚ್ ಇಲ್ಲದೆ ಬಿಟ್ಟಿದ್ದರೆ ಬಿಯನ್ನು ಫ್ರೀ ಮಾಡುವಾಗಲೇ ದೂರು ಬರುತ್ತಿತ್ತು. -ಎಲ್ ಮರೆಯಬೇಡಿ: ಅದಿಲ್ಲದಿದ್ದರೆ ಎ ಇರುವ ಫಂಕ್ಷನ್ ಮುಗಿದ ಕೂಡಲೇ ಜಿಡಿಬಿ ವಾಚನ್ನು ತೆಗೆದುಹಾಕುತ್ತದೆ.

ದೊಡ್ಡ ಪ್ರೋಗ್ರಾಂನಲ್ಲಿ ಕೆಟ್ಟ ಚಂಕ್‌ನ ವಿಳಾಸ ಮೊದಲ ಓಟದಲ್ಲಿ ಸಿಗುತ್ತದೆ, ಎರಡನೇ ಓಟದಲ್ಲಿ ಅದನ್ನು ಕಾಯಬೇಕು. ಜಿಡಿಬಿ ತಾನಾಗಿಯೇ ವಿಳಾಸ ಕಲಸುವಿಕೆಯನ್ನು (ಎಎಸ್‌ಎಲ್‌ಆರ್, ಪ್ರತಿ ಓಟಕ್ಕೂ ವಿಳಾಸ ಬದಲಿಸುವುದನ್ನು) ನಿಲ್ಲಿಸಿ ಓಡಿಸುವುದರಿಂದ, ಇನ್‌ಪುಟ್ ಮತ್ತು ಥ್ರೆಡ್‌ಗಳ ಕ್ರಮ ಬದಲಾಗದಿದ್ದರೆ ಅದೇ ವಿಳಾಸ ಮತ್ತೆ ಬರುತ್ತದೆ. ಹಾರ್ಡ್‌ವೇರ್ ವಾಚ್‌ಗಳು ನಾಲ್ಕೇ, ಒಂದೊಂದೂ ಹೆಚ್ಚೆಂದರೆ 8 ಬೈಟ್. ಮ್ಯಾಲಾಕ್, ಫ್ರೀಗಳೂ ನ್ಯಾಯವಾಗಿಯೇ ಗಾತ್ರವನ್ನು ಬರೆಯುತ್ತವೆ. ಬ್ಯಾಕ್‌ಟ್ರೇಸ್‌ನ ಮೇಲ್ತುದಿಯಲ್ಲಿ ಅವೇ ಇದ್ದರೆ ಮುಂದುವರಿಯಿರಿ.

ಫ್ರೀ ಆದ ಚಂಕ್‌ಗಳನ್ನು ಓದುವಾಗ ಹೆಚ್ಚು ಎಚ್ಚರ ಬೇಕು. ಜಿಲಿಬ್‌ಸಿ 2.26ರಿಂದ ಟಿಕ್ಯಾಶ್ (ಪ್ರತಿ ಥ್ರೆಡ್‌ಗೂ ಇರುವ, ಫ್ರೀ ಆದ ಚಂಕ್‌ಗಳ ಪಟ್ಟಿ) ಇದೆ. ಸಣ್ಣ ಚಂಕ್ ಫ್ರೀ ಆದರೆ ಸಾಮಾನ್ಯವಾಗಿ ಮೊದಲು ಅಲ್ಲಿಗೆ ಹೋಗುತ್ತದೆ, ಆದರೆ ಮುಂದಿನ ಚಂಕ್‌ನ ‘ಬಳಕೆಯಲ್ಲಿದೆ’ ಬಿಟ್ ಅಳಿಯುವುದಿಲ್ಲ. ಆ ಬಿಟ್ ಒಂದನ್ನೇ ನಂಬಿದರೆ ಸತ್ತ ಚಂಕ್ ಜೀವಂತ ಎನಿಸುತ್ತದೆ. ಅಲ್ಲಿರುವ ಚಂಕ್‌ನ ಡೇಟಾದ ಮೊದಲ 8 ಬೈಟ್ ಪಟ್ಟಿಯ ಮುಂದಿನ ಚಂಕ್‌ಗೆ ಕೊಂಡಿ, ಎರಡನೇ 8 ಬೈಟ್ ಎರಡು ಬಾರಿ ಫ್ರೀ ಆಗುವುದನ್ನು ಪತ್ತೆ ಹಚ್ಚುವ ಕೀ. 2.32ರಿಂದ ಕೊಂಡಿ ನೇರ ವಿಳಾಸವಲ್ಲ. ಅದು ಇರುವ ಜಾಗದ ವಿಳಾಸವನ್ನು 12 ಬಿಟ್ ಬಲಕ್ಕೆ ಸರಿಸಿ ಎಕ್ಸಾರ್ ಮಾಡಿದಾಗ ನಿಜವಾದದ್ದು ಸಿಗುತ್ತದೆ. ಅಸಂಬದ್ಧ ಅಂಕಿ ಕಂಡೊಡನೆ ಮೆಮೊರಿ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ.

ದೊಡ್ಡ ಕೋರಿಕೆಗಳು ಹೀಪ್ ವ್ಯಾಪ್ತಿಯಲ್ಲೇ ಇರುವುದಿಲ್ಲ. ಆರಂಭದ ಮಿತಿ 128 ಕೆಬಿ. 2,00,000 ಬೈಟ್ ಕೇಳಿದರೆ ಎಂಮ್ಯಾಪ್ ಆಗಿ ಗಾತ್ರ ಹೆಕ್ಸ್ 31002 ಎಂದು ಬರುತ್ತದೆ, ಕೊನೆಯ 2 ಅದರ ಗುರುತು. ವಿಳಾಸ ಎಲ್ಲಿ ಸೇರಿದೆ ಎಂಬುದನ್ನು ‘ಇನ್ಫೋ ಪ್ರೊಕ್ ಮ್ಯಾಪಿಂಗ್ಸ್’ ತೋರಿಸುತ್ತದೆ.

ಒಟ್ಟು ಬಳಕೆ ಬೇಕೆಂದರೆ ‘ಕಾಲ್ (ವಾಯ್ಡ್)ಮ್ಯಾಲಾಕ್_ಸ್ಟ್ಯಾಟ್ಸ್()’ ಕೊಡಿ, ಫಲಿತಾಂಶ ಪ್ರೋಗ್ರಾಂನ ಸ್ಟ್ಯಾಂಡರ್ಡ್ ಎರರ್‌ಗೆ ಬರುತ್ತದೆ. ಯಾವುದಾದರೂ ಥ್ರೆಡ್ ಮ್ಯಾಲಾಕ್ ಅಥವಾ ಫ್ರೀ ಒಳಗೆ ಬೀಗ ಹಿಡಿದು ನಿಂತಿರುವಾಗ ಮಾತ್ರ ಇದನ್ನು ಕರೆಯಬೇಡಿ. ಅದೇ ಬೀಗಕ್ಕಾಗಿ ಕಾಯುತ್ತಾ ಕರೆ ಸಿಕ್ಕಿಹಾಕಿಕೊಳ್ಳಬಹುದು. ‘ಫಿನಿಶ್’ ಕೊಟ್ಟು ಹೊರಬಂದು ಆಮೇಲೆ ಕರೆಯಿರಿ.