ಕಾರು ತಗ್ಗಿಸುವ ಮುಂಚೆ ಟೇಪು ಹಿಡಿಯಿರಿ

ಸಂಜೆ ಹೊತ್ತು ದಾವಣಗೆರೆಯ ಹದಡಿ ರಸ್ತೆಯಲ್ಲಿ ನಿಂತರೆ ತಗ್ಗಿಸಿದ ಸ್ವಿಫ್ಟೋ ಪೋಲೋನೋ ಒಂದಾದರೂ ಕಣ್ಣಿಗೆ ಬೀಳುತ್ತದೆ. ನೋಡೋಕೆ ಚೆಂದ. ತಿರುವಿನಲ್ಲಿ ಮೈ ವಾಲಿಸದೆ ಹೋಗುತ್ತದೆ. ಆದರೆ ಹಂಪ್ ಬಂದ ಕೂಡಲೇ ಕೆಲವು ಕಾರುಗಳ ಹೊಟ್ಟೆ ಕರ್ ಅಂತ ಉಜ್ಜುತ್ತದೆ. ಅದು ಕಾರು ತಗ್ಗಿಸೋಕೆ ಹಾಕುವ ಕಾಯಿಲೋವರ್ ತಪ್ಪಲ್ಲ. ಅಳತೆ ನೋಡದೆ ಇಳಿಸಿದ್ದರ ತಪ್ಪು.

ಕಾಯಿಲೋವರ್ ಅಂದರೆ ಮೈಮೇಲೆ ಥ್ರೆಡ್ ಕೊರೆದ ಶಾಕ್ ಅಬ್ಸಾರ್ಬರ್. ಆ ಥ್ರೆಡ್ ಮೇಲೆ ಒಂದು ರಿಂಗ್, ರಿಂಗ್ ಮೇಲೆ ಸ್ಪ್ರಿಂಗ್. ರಿಂಗ್ ಅಥವಾ ಕೆಳಗಿನ ಬ್ರಾಕೆಟ್ ತಿರುಗಿಸಿದರೆ ಕಾರಿನ ಎತ್ತರ ಬದಲಾಗುತ್ತದೆ.

ಎಷ್ಟು ಇಳಿಸಬೇಕು? ನನ್ನ ಮಾತು ಕೇಳುವುದಾದರೆ 25 ಮಿ.ಮೀ., ಹೆಚ್ಚೆಂದರೆ 30. ಲೆಕ್ಕ ಹಾಕಿ ನೋಡಿ. 2018ರ ಸ್ವಿಫ್ಟ್‌ನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲಕ್ಕೂ ಕಾರಿನ ಹೊಟ್ಟೆಗೂ ಇರುವ ಅಂತರ, 163 ಮಿ.ಮೀ. 30 ಇಳಿಸಿದರೆ 133 ಉಳಿಯಿತು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ನಿಯಮದ ಹಂಪ್ 3.7 ಮೀಟರ್ ಅಗಲ, 100 ಮಿ.ಮೀ. ಎತ್ತರ. ನಾಲ್ಕು ಜನ ಕೂತರೆ ಕಾರು ಇನ್ನೂ ಕುಗ್ಗುತ್ತದೆ. ಮೇಲಾಗಿ ನಮ್ಮ ಊರುಗಳ ಹಂಪ್ ಎಲ್ಲವೂ ನಿಯಮದ ಅಳತೆಯಲ್ಲಿ ಇರಲ್ಲ ಅಲ್ವಾ? ಸುಗ್ಗಿ ಟೈಮಲ್ಲಿ ಹಳ್ಳಿ ರಸ್ತೆ ಮೇಲೆ ಮೆಕ್ಕೆಜೋಳ ಒಣಹಾಕಿ ಸುತ್ತ ಕಲ್ಲು ಇಟ್ಟಿರುತ್ತಾರೆ. ಅಂಥ ಒಂದು ಕಲ್ಲು ಸಾಕು, ಇಂಜಿನ್ನಿನ ಆಯಿಲ್ ಚೇಂಬರ್ ಒಡೆಯೋಕೆ.

ಕಾನೂನಿನ ವಿಷಯ ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿ ಬಂದ ಮೇಲೆ, ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ದುಡ್ಡು ಕೊಟ್ಟು ಸೆಟ್ ತರುವ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ಕೇಳಿ. ಇನ್ಶೂರೆನ್ಸ್‌ನವರಿಗೂ ತಿಳಿಸಿ.

ಇನ್ನು ಕೆಲಸಕ್ಕೆ ಬರೋಣ.

ಕಾರನ್ನು ಸಮತಟ್ಟು ನೆಲದ ಮೇಲೆ ನಿಲ್ಲಿಸಿ. ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಕಡೆ ಟೇಪು ಹಿಡಿದು ಬರೆದಿಡಿ. ನೆಲದಿಂದ ಅಳೆಯಬೇಡಿ. ಟೈರಿನಲ್ಲಿ ಗಾಳಿ ಹೆಚ್ಚುಕಮ್ಮಿ ಇದ್ದರೆ ಲೆಕ್ಕ ತಪ್ಪುತ್ತದೆ. ಚಕ್ರದ ನಟ್ ಸಡಿಲಿಸಿ, ಜಾಕಿ ಏರಿಸಿ, ಕಾರನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜಾಕಿ ನಂಬಿ ಕಾರಿನ ಕೆಳಗೆ ಕೈ ಹಾಕಲೇಬೇಡಿ.

ಮುಂದಿನ ಚಕ್ರ ಬಿಚ್ಚಿದ ಮೇಲೆ ಬ್ರೇಕ್ ಹೋಸ್, ಎಬಿಎಸ್ ವೈರ್, ಕಾರು ವಾಲದಂತೆ ತಡೆಯುವ ಆಂಟಿ ರೋಲ್ ಬಾರ್‌ನ ಲಿಂಕ್ ಇವನ್ನು ಶಾಕ್‌ನಿಂದ ಬಿಡಿಸಿ. ಕೆಳಗಿನ ದೊಡ್ಡ ಬೋಲ್ಟ್‌ಗಳು ಕೂತ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಆಮೇಲೆ ಬಿಚ್ಚಿ. ಚಕ್ರ ಕೂರುವ ಹಬ್ಬಿನ ಕೆಳಗೆ ಎರಡನೇ ಜಾಕಿ ಕೊಡಿ. ಇಲ್ಲದಿದ್ದರೆ ಅದು ಜೋತುಬಿದ್ದು ಬ್ರೇಕ್ ಹೋಸನ್ನೂ ಡ್ರೈವ್ ಶಾಫ್ಟನ್ನೂ ಎಳೆಯುತ್ತದೆ. ಬಾನೆಟ್ ಕೆಳಗೆ ಶಾಕನ್ನು ಕಾರಿನ ಮೈಗೆ ಹಿಡಿದಿರುವ ನಟ್‌ಗಳನ್ನು ಮಾತ್ರ ಬಿಚ್ಚಿ. ನಡುವಿನ ನಟ್ ಮುಟ್ಟಬೇಡಿ. ಅದರ ಕೆಳಗೆ ಸ್ಪ್ರಿಂಗ್ ಒತ್ತಿಕೊಂಡು ಕೂತಿರುತ್ತದೆ, ಸಿಡಿದರೆ ಮುಖಕ್ಕೇ ಬರುತ್ತದೆ. ಶಾಕ್ ತುದಿಯಲ್ಲಿರುವ ಹಳೆಯ ಟಾಪ್ ಮೌಂಟನ್ನೇ ಮತ್ತೆ ಹಾಕಬೇಕಿದ್ದರೆ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಕೈ ಹಾಕಬೇಡಿ.

ಹೊಸದನ್ನು ಕೂರಿಸುವ ಮುಂಚೆ ಎಲ್ಲರೂ ಎಡವುವ ಜಾಗ ಒಂದಿದೆ: ಪ್ರಿಲೋಡ್, ಅಂದರೆ ಕಾರಿನ ಭಾರ ಬೀಳುವ ಮುಂಚೆಯೇ ಸ್ಪ್ರಿಂಗಿಗೆ ಕೊಡುವ ಬಿಗಿ. ಚಕ್ರ ಗಾಳಿಯಲ್ಲಿ ತೂಗುವಾಗಲೂ ಸ್ಪ್ರಿಂಗ್ ಅಲ್ಲಾಡಬಾರದು. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ. ಲೊಡಲೊಡ ಅಂದರೆ ರಿಂಗ್ ಮೇಲಕ್ಕೆ ತನ್ನಿ. ಸ್ಪ್ರಿಂಗ್ ಬಿಗಿಯಾಗಿ ಕೂತ ಮೇಲೆ ಇನ್ನೊಂದೆರಡು ಮಿ.ಮೀ. ಸಾಕು. ಕೆಳಗಿನ ಬ್ರಾಕೆಟ್‌ನಿಂದ ಎತ್ತರ ಹೊಂದಿಸುವ ಸೆಟ್ ಆದರೆ ಆಮೇಲೆ ಈ ರಿಂಗ್ ಮುಟ್ಟುವ ಹಾಗಿಲ್ಲ, ಎತ್ತರಕ್ಕೆ ಬ್ರಾಕೆಟ್ಟೇ ತಿರುಗಿಸಬೇಕು. ಬ್ರಾಕೆಟ್ ಒಳಗೆ ಕನಿಷ್ಠ ಎಷ್ಟು ಥ್ರೆಡ್ ಇರಬೇಕೆಂದು ಸೆಟ್ ಜೊತೆಗಿನ ಪುಸ್ತಕದಲ್ಲಿರುತ್ತದೆ, ಅದಕ್ಕಿಂತ ಕಡಿಮೆ ಮಾಡಬೇಡಿ. ರಿಂಗ್ ಒಂದರಿಂದಲೇ ಎತ್ತರ ಬದಲಾಗುವ ಸೆಟ್‌ನಲ್ಲಿ, ಸ್ಪ್ರಿಂಗ್ ಸಡಿಲಾಗುವ ಜಾಗವೇ ನಿಮ್ಮ ಗಡಿ. ಅದಕ್ಕಿಂತ ಕೆಳಗೆ ಹೋದರೆ ಗುಂಡಿಯಲ್ಲಿ ಚಕ್ರ ಇಳಿದಾಗ ಸ್ಪ್ರಿಂಗ್ ತನ್ನ ಜಾಗ ಬಿಟ್ಟು ಸರಿಯಬಹುದು.

ಮೊನ್ನೆ ನಮ್ಮ ಬಡಾವಣೆಯ ಶೆಡ್‌ನಲ್ಲಿ ಕೆಲಸ ಕಲಿಯುವ ಹುಡುಗ ರಿಂಗ್ ತಿರುಗಿಸುವ ಸಿ ಪಾನಾ ಹಿಡಿದು ಕೇಳಿದ: "ಅಣ್ಣಾ, ಇನ್ನೆರಡು ಸುತ್ತು ಇಳಿಸ್ಲಾ? ಚೆಂದ ಕಾಣ್ತತಿ." ಮೇಸ್ತ್ರಿ ತಲೆ ಎತ್ತದೆ, "ಬ್ಯಾಡ ತಮ್ಮಾ, ಮೊದ್ಲು ಆ ಕಡೀಗೆ ಟೇಪು ಹಿಡಿ" ಅಂದರು. ಎಡಕ್ಕೂ ಬಲಕ್ಕೂ 6 ಮಿ.ಮೀ. ವ್ಯತ್ಯಾಸ ಇತ್ತು.

ಹಿಂದಿನ ಕಡೆ ಕೆಲಸ ಬೇಗ ಮುಗಿಯುತ್ತದೆ. ಸ್ವಿಫ್ಟ್, ಪೋಲೋಗಳಲ್ಲಿ ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಹಿಂದಿನ ಎರಡೂ ಚಕ್ರ ಜೋಡಿಸುವ ಬೀಮ್ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ. ಒಂದು ನೆನಪಿಡಿ: ಸ್ಪ್ರಿಂಗ್ ಚಕ್ರಕ್ಕಿಂತ ಮುಂದೆ ಕೂತಿರುವುದರಿಂದ ರಿಂಗ್ 10 ಮಿ.ಮೀ. ಇಳಿಸಿದರೆ ಕಾರು ಅದಕ್ಕಿಂತ ಜಾಸ್ತಿ ಇಳಿಯುತ್ತದೆ.

ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಚಕ್ರ ತೂಗುತ್ತಿರುವಾಗ ಪೂರ್ತಿ ಬಿಗಿ ಮಾಡಬೇಡಿ. ಕಾರಿನ ಭಾರ ಚಕ್ರದ ಮೇಲೆ ಬಿದ್ದ ಮೇಲೆಯೇ ಕೊನೆಯ ಬಿಗಿ, ಅದೂ ಟಾರ್ಕ್ ರೆಂಚ್‌ನಲ್ಲಿ, ಕಾರಿನ ಮ್ಯಾನ್ಯುಯಲ್‌ನಲ್ಲಿ ಹೇಳಿದಷ್ಟು. ನನ್ನ ಹಳೆಯ ಕಾರಿಗೆ ಒಂದು ಗ್ಯಾರೇಜಿನಲ್ಲಿ ತೂಗುವಾಗಲೇ ಬಿಗಿದು ಕೊಟ್ಟಿದ್ದರು. ರಬ್ಬರ್ ಸದಾ ತಿರುಚಿಕೊಂಡೇ ಇತ್ತು. ಕೆಲವೇ ತಿಂಗಳಲ್ಲಿ ಹರಿಯಿತು, ಬ್ರೇಕ್ ಒತ್ತಿದಾಗಲೆಲ್ಲ ಟಕ್ ಅನ್ನುತ್ತಿತ್ತು.

ಶಾಕ್ ಎಷ್ಟು ಗಟ್ಟಿ ಇರಬೇಕೆಂದು ಹೊಂದಿಸುವ ಡ್ಯಾಂಪಿಂಗ್ ಗುಬುಟು ಇದ್ದರೆ ಮೆಲ್ಲಗೆ ಪೂರ್ತಿ ಗಟ್ಟಿ ಕಡೆಗೆ ತಿರುಗಿಸಿ, ಅಲ್ಲಿಂದ ಕ್ಲಿಕ್ ಎಣಿಸುತ್ತಾ ನಡುವಿಗೆ ತನ್ನಿ. ಎಡಬಲ ಎರಡೂ ಒಂದೇ ಎಣಿಕೆ ಇರಲಿ. ಲಾಕ್ ರಿಂಗ್ ಬಿಗಿ ಮಾಡಿ, ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಟೈರು ಎಲ್ಲಾದರೂ ತಾಗುತ್ತಾ ನೋಡಿ. ಆಮೇಲೆ ಪಿ.ಬಿ. ರಸ್ತೆಯಲ್ಲಿ ದೊಡ್ಡಬಾತಿವರೆಗೆ ನಿಧಾನಕ್ಕೆ ಹೋಗಿ ಬನ್ನಿ. ವಾಪಸ್ ಬಂದು ಮತ್ತೆ ಅಳೆಯಿರಿ, ಸರಿಪಡಿಸಿ. ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿ. ಕಾರು ತಗ್ಗಿದಾಗ ಚಕ್ರದ ಕೋನ ಬದಲಾಗುತ್ತದೆ, ಹಾಗೇ ಬಿಟ್ಟರೆ ಟೈರಿನ ಒಳ ಅಂಚು ಸುಮ್ನೆ ಸವೆದು ಹೋಗುತ್ತದೆ. ಹೆಡ್‌ಲೈಟ್ ಕೋನವನ್ನೂ ಅವತ್ತೇ ನೋಡಿ. ಸುಮಾರು 500 ಕಿ.ಮೀ. ಓಡಿದ ಮೇಲೆ ಸ್ಪ್ರಿಂಗ್ ಕೂರುತ್ತದೆ, ಆಗ ಎತ್ತರ, ಬೋಲ್ಟ್, ಅಲೈನ್‌ಮೆಂಟ್ ಮೂರನ್ನೂ ಇನ್ನೊಮ್ಮೆ ನೋಡಿಸಿ.

ನಮ್ಮ ಕಡೆಯ ಎರೆಮಣ್ಣು ಥ್ರೆಡ್‌ನಲ್ಲಿ ಒಣಗಿದರೆ ಸಿಮೆಂಟಿನ ಹಾಗೆ ಹಿಡಿದುಕೊಳ್ಳುತ್ತದೆ. ಮಳೆಗಾಲದಲ್ಲಿ ಕಾರು ತೊಳೆಯುವಾಗಲೆಲ್ಲ ಮೆತ್ತನೆ ಬ್ರಷ್‌ನಿಂದ ಥ್ರೆಡ್ ಉಜ್ಜಿ. ಗ್ರೀಸ್ ಬಳಿಯಬೇಡಿ, ಧೂಳು ಇನ್ನೂ ಅಂಟುತ್ತದೆ. ಬಿಚ್ಚಿದ ಹಳೆಯ ಶಾಕ್, ಸ್ಪ್ರಿಂಗ್‌ಗಳನ್ನು ಗುಜರಿಗೆ ಹಾಕಬೇಡಿ. ಎಡ, ಬಲ ಅಂತ ಚೀಟಿ ಅಂಟಿಸಿ, ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಡಿ. ಕಾರು ಮಾರುವಾಗ, ಇಲ್ಲಾ ಆರ್‌ಟಿಒದವರು ಮೊದಲಿನ ಹಾಗೆ ಮಾಡಿ ತನ್ನಿ ಅಂದಾಗ, ಅವೇ ಬೇಕಾಗುತ್ತವೆ.